ದಿನಕ್ಕೊಂದು ಗಿಡ: ಹ್ಯೂ ಕ್ಲೆಗ್‌ಹಾರ್ನ್ ಮತ್ತು ನಮ್ಮ ಶಿವಮೊಗ್ಗ

ಹೋದ ಸೆಮಿಸ್ಟರ್‌ನಲ್ಲಿ ನಮಗೊಂದು ಕೆರಿಯರ್ ಗೈಡೆನ್ಸ್ ಕ್ಲಾಸ್ ಇತ್ತು. ಕೋಡಿಂಗ್, ಕೋರ್ ಕಂಪನಿ, ಗೇಟ್ ಎಲ್ಲಾ ಮುಗಿದ ಮೇಲೆ ಕೊನೆಯ ಸ್ಲೈಡ್ ಬಂತು: ಹವಾಮಾನ ಬದಲಾವಣೆ ಮತ್ತು ಪರಿಸರ ನೀತಿ. ಇನ್ನು ಮುಂದೆ ಇದರಲ್ಲೂ ಒಳ್ಳೆ ಕೆಲಸಗಳಿವೆ ಅಂತ ಹೇಳಿದ್ರು. ಎಲ್ಲಿ ಅಂತ ನೋಡಿದ್ರೆ ದೆಹಲಿ, ಲಂಡನ್, ಜಿನೀವಾ. ಸಂಜೆ ವಾಪಸ್ ಹೋಗುವಾಗ ಹೊಳೆಹೊನ್ನೂರಿನ ನಾವು ನಾಲ್ಕು ಜನ ಬಸ್ಸಲ್ಲಿ ಅದನ್ನೇ ಮಾತಾಡಿಕೊಂಡ್ವಿ. ಭದ್ರಾ ದಂಡೆಯ ಊರಲ್ಲಿ ಬೆಳೆದವರು ನಾವು. ಬೇಸಿಗೆಯಲ್ಲಿ ಹೊಳೆ ಬಂಡೆ ಬಿಟ್ಟುಕೊಂಡು ಸಣ್ಣಗಾಗೋದನ್ನೂ, ಮಳೆಗಾಲದಲ್ಲಿ ಕೆಂಪಗೆ ತುಂಬಿ ಬರೋದನ್ನೂ ಚಿಕ್ಕಂದಿನಿಂದ ನೋಡಿದ್ದೀವಿ. ಈ ಕೆಲಸ ಶುರು ಮಾಡೋಕೆ ನಾವು ಜಿನೀವಾಕ್ಕೇ ಹೋಗಬೇಕಾ?

ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ ಹೆಸರು ಹ್ಯೂ ಕ್ಲೆಗ್‌ಹಾರ್ನ್. ಭಾರತದಲ್ಲಿ ಅರಣ್ಯ ಇಲಾಖೆಯನ್ನು ಕಟ್ಟಿದವರಲ್ಲಿ ಮೊದಲ ಸಾಲಿನವರು. ಕಾಡು ಹೋದ್ರೆ ಹವಾಮಾನ, ನೀರು, ಮಣ್ಣು ಏನಾಗುತ್ತೆ ಅಂತ ವಿಜ್ಞಾನಿಗಳ ಸಭೆಯ ಮುಂದೆ ವರದಿ ಇಟ್ಟು, ಆಮೇಲೆ ಅದೇ ವಿಷಯವನ್ನು ಸರ್ಕಾರದ ಕೆಲಸವಾಗಿ ಮಾಡಿ ತೋರಿಸಿದವರು. ಅಂದ್ರೆ ಆ ಕೊನೆಯ ಸ್ಲೈಡ್‌ನಲ್ಲಿದ್ದ ಉದ್ಯೋಗವನ್ನು, ಅದಕ್ಕೆ ಹೆಸರೇ ಇಲ್ಲದ ಕಾಲದಲ್ಲಿ ಮಾಡಿದವರು. ಅವರು ಆ ದಾರಿ ಹಿಡಿದದ್ದು ನಮ್ಮ ಶಿವಮೊಗ್ಗದಲ್ಲಿ, 25ನೇ ವಯಸ್ಸಿನಲ್ಲಿ.

ಒಂದು ಮಾತು ಮೊದಲೇ ಹೇಳಿಬಿಡ್ತೀವಿ. ನಾವು ಇವರ ಬಗ್ಗೆ ಓದೋಕೆ ಶುರು ಮಾಡಿದ್ದು ಖುಷಿಯಿಂದ. ಮುಗಿಸುವಾಗ ಅಷ್ಟೇ ಖುಷಿ ಇರಲಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಮದ್ರಾಸಲ್ಲಿ ಹುಟ್ಟಿದ ಸ್ಕಾಟ್‌ಲೆಂಡ್ ಹುಡುಗ

ಕ್ಲೆಗ್‌ಹಾರ್ನ್ ಹುಟ್ಟಿದ್ದು 1820ರ ಆಗಸ್ಟ್ 9ರಂದು, ಮದ್ರಾಸಿನಲ್ಲಿ. ತಂದೆ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಅಧಿಕಾರಿ. ಮಗು ಇನ್ನೂ ಚಿಕ್ಕದಿರುವಾಗಲೇ ಸ್ಕಾಟ್‌ಲೆಂಡಿಗೆ ಕಳಿಸಿದರು. ಸೇಂಟ್ ಆಂಡ್ರೂಸ್ ಊರಿನ ಹತ್ತಿರ ಸ್ಟ್ರಾವಿತಿ ಅನ್ನೋ ಕಡೆ ಅಜ್ಜನ ಜಮೀನು, ತೋಟ ಇತ್ತು. ಹುಡುಗ ಬೆಳೆದದ್ದು ಅಲ್ಲೇ. ಅಜ್ಜನ ಹೆಸರೂ ಹ್ಯೂ ಕ್ಲೆಗ್‌ಹಾರ್ನ್. ಅವರು ಮೊದಲು ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದವರು. ಸಿಲೋನ್ ಡಚ್ಚರ ಕೈಯಿಂದ ಬ್ರಿಟಿಷರ ಕೈಗೆ ಬಂದ ಪ್ರಕರಣದಲ್ಲಿ ದೊಡ್ಡ ಪಾತ್ರ ವಹಿಸಿದವರು. ಮೊಮ್ಮಗನಿಗೆ ಮರ, ಗಿಡ, ಬೇಸಾಯದ ಹುಚ್ಚು ಹಿಡಿದದ್ದು ಆ ಜಮೀನಿನಲ್ಲಿ.

ಓದಿದ್ದು ಮಾತ್ರ ವೈದ್ಯಕೀಯ. ಆಗ ಡಾಕ್ಟರಾಗಬೇಕಾದರೆ ಸಸ್ಯಶಾಸ್ತ್ರವನ್ನೂ ಓದಲೇಬೇಕಿತ್ತು, ಯಾಕಂದ್ರೆ ಔಷಧ ಹೆಚ್ಚಾಗಿ ಬರುತ್ತಿದ್ದುದು ಗಿಡಗಳಿಂದಲೇ. 1841ರಲ್ಲಿ ಎಡಿನ್‌ಬರೋದಲ್ಲಿ ಎಂ.ಡಿ. ಮುಗಿಸಿ, 1842ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಸೇರಿ, ಹುಟ್ಟಿದ ಊರು ಮದ್ರಾಸಿಗೇ ಅಸಿಸ್ಟೆಂಟ್ ಸರ್ಜನ್ ಆಗಿ ಬಂದರು. ಆಗ ವಯಸ್ಸು 22. ಈಗಿನ ಭಾಷೆಯಲ್ಲಿ ಹೇಳೋದಾದ್ರೆ ಫೈನಲ್ ಇಯರ್ ಮುಗಿಸಿ ಮೊದಲ ಪ್ಲೇಸ್‌ಮೆಂಟ್.

ಶಿವಮೊಗ್ಗದ ಎರಡು ವರ್ಷ

1830ರ ಸುಮಾರಿಗೆ ನಗರ ಸೀಮೆಯ ರೈತರು ದಂಗೆ ಎದ್ದದ್ದು, ಅದನ್ನೇ ಕಾರಣ ಮಾಡಿ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ತೆಗೆದುಕೊಂಡದ್ದು ನೀವು ಹೈಸ್ಕೂಲಲ್ಲಿ ಓದಿರ್ತೀರಿ. ಆಮೇಲೆ ಮಾರ್ಕ್ ಕಬ್ಬನ್ ಕಮಿಷನರ್ ಆದರು. ಬೆಂಗಳೂರಿನ ಕಬ್ಬನ್ ಪಾರ್ಕ್ ಇದೆಯಲ್ಲ, ಅದೇ ಕಬ್ಬನ್. ನಮ್ಮ ಕಡೆಯ ಆಡಳಿತಕ್ಕೆ ನಗರ ಡಿವಿಜನ್ ಅಂತ ಹೆಸರು, ಅದರ ಕೇಂದ್ರ ಶಿವಮೊಗ್ಗ. ಕ್ಲೆಗ್‌ಹಾರ್ನ್ ಮೈಸೂರು ಕಮಿಷನ್ ಕೆಲಸಕ್ಕೆ ಬಂದು 1845ರಿಂದ 1847ರವರೆಗೆ ಇಲ್ಲಿ ಸರ್ಜನ್ ಆಗಿದ್ದರು.

ಆಗಿನ ಶಿವಮೊಗ್ಗವನ್ನು ಸ್ವಲ್ಪ ಊಹಿಸಿಕೊಳ್ಳಿ. ರೈಲು ಇಲ್ಲ, ಬೀರೂರಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಭದ್ರಾವತಿ ಅನ್ನೋ ಹೆಸರೇ ಇಲ್ಲ, ಆಗ ಅದು ಬೆಂಕಿಪುರ. ಕಬ್ಬಿಣದ ಕಾರ್ಖಾನೆ ಬರೋಕೆ ಇನ್ನೂ ಮುಕ್ಕಾಲು ಶತಮಾನ ಇತ್ತು. ಲಕ್ಕವಳ್ಳಿಯಲ್ಲಿ ಅಣೆಕಟ್ಟಿಲ್ಲ, ಗಾಜನೂರಲ್ಲಿ ಅಣೆಕಟ್ಟಿಲ್ಲ. ತುಂಗೆ ಮತ್ತು ಭದ್ರೆ ಎರಡೂ ಘಟ್ಟದಿಂದ ಇಳಿದು, ಯಾರೂ ತಡೆಯದೆ, ಹೊಳೆಹೊನ್ನೂರು ದಾಟಿದ ಮೇಲೆ ಕೂಡ್ಲಿಯಲ್ಲಿ ಸೇರುತ್ತಿದ್ದವು. ಪಶ್ಚಿಮಕ್ಕೆ ನೋಡಿದ್ರೆ ದಟ್ಟ ಕಾಡು, ಪೂರ್ವಕ್ಕೆ ನೋಡಿದ್ರೆ ಬಯಲು. ಈ ಎರಡರ ಮಧ್ಯದ ಗಡಿಯಲ್ಲಿ ಊರು.

ಇಲ್ಲಿ ಅವರು ಮಾಡಿದ ಕೆಲಸ ಕೇಳೋಕೆ ತುಂಬಾ ಸಾಧಾರಣ. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಮುಖ್ಯಸ್ಥ ವಿಲಿಯಂ ಹೂಕರ್ ಅವರ ಒಂದು ಸಲಹೆ ಇತ್ತು: ದಿನಕ್ಕೆ ಒಂದು ಗಿಡ, ಕಾಲು ಗಂಟೆ. ಅಷ್ಟೇ. ಆಸ್ಪತ್ರೆ, ರೋಗಿ, ಜ್ವರ, ಪತ್ರ ವ್ಯವಹಾರ ಎಲ್ಲದರ ನಡುವೆ ಕ್ಲೆಗ್‌ಹಾರ್ನ್ ಅದನ್ನು ಬಿಡದೆ ಮಾಡಿದರು. ಒಂದು ಗಿಡ ತರಿಸೋದು, ಬಿಡಿಸಿ ನೋಡೋದು, ಊರವರು ಅದನ್ನು ಯಾವುದಕ್ಕೆ ಬಳಸ್ತಾರೆ ಅಂತ ತಿಳಿಯೋದು. ಜೊತೆಗೆ ಒಬ್ಬ ಮರಾಠಿ ಚಿತ್ರಗಾರನನ್ನು ಇಟ್ಟುಕೊಂಡಿದ್ದರು. ಆತ ಆ ಗಿಡದ ಚಿತ್ರ ಬರೆಯುತ್ತಿದ್ದ. ಆ ಚಿತ್ರಗಳು ಈಗ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನ ಸಂಗ್ರಹದಲ್ಲಿವೆ. ಶಿವಮೊಗ್ಗದ ಬೇಲಿ ಸಾಲಿನ ಗಿಡಗಳು ಅಲ್ಲಿ ಭದ್ರವಾಗಿವೆ. ಬರೆದವನ ಹೆಸರು ಮಾತ್ರ ಉಳಿಯಲಿಲ್ಲ.

ಗಿಡ ನೋಡ್ತಾ ನೋಡ್ತಾ ಅವರ ಕಣ್ಣು ಕಾಡಿನ ಮೇಲೆ ಬಿತ್ತು. ತೇಗ, ಬೀಟೆಯಂಥ ಬೆಲೆಬಾಳುವ ಮರ ಕಡಿದು ಸಾಗಿಸೋಕೆ ಲೆಕ್ಕವೇ ಇರಲಿಲ್ಲ. ಗುಡ್ಡಗಳಲ್ಲಿ ಕುಮರಿ ನಡೆಯುತ್ತಿತ್ತು. ಕುಮರಿ ಅಂದ್ರೆ ಗೊತ್ತಿಲ್ಲದವರಿಗೆ: ಗುಡ್ಡದ ಇಳಿಜಾರಲ್ಲಿ ಒಂದು ತುಂಡು ಕಾಡು ಕಡಿದು, ಒಣಗಲು ಬಿಟ್ಟು, ಮಳೆಗೆ ಮುಂಚೆ ಬೆಂಕಿ ಹಾಕಿ, ಆ ಬೂದಿಯಲ್ಲೇ ರಾಗಿ ಬಿತ್ತೋದು. ಒಂದೆರಡು ವರ್ಷ ಬೆಳೆ ತೆಗೆದು ಬೇರೆ ತುಂಡಿಗೆ ಹೋಗೋದು. ಮೊದಲಿನ ಜಾಗ ಮತ್ತೆ ಕಾಡಾಗಲು ಹತ್ತಾರು ವರ್ಷ ಬಿಡೋದು. ನೇಗಿಲಿಲ್ಲದ, ಎತ್ತಿಲ್ಲದ ಜನರ ಬೇಸಾಯ ಅದು. ಡಾಕ್ಟರ ಕಣ್ಣಿಗೆ ಕಂಡದ್ದು ಸುಟ್ಟ ಮರ. ಅದು ಕುಮರಿಯವರಿಗೆ ಏನಾಗಿತ್ತು ಅನ್ನೋದು ಅವರ ಲೆಕ್ಕಕ್ಕೆ ಹೆಚ್ಚು ಬರಲಿಲ್ಲ.

ಜ್ವರ, ರಜೆ, ವರದಿ

ಮಲೆನಾಡಿನ ಜ್ವರ ಡಾಕ್ಟರನ್ನೂ ಬಿಡಲಿಲ್ಲ. ಆರೋಗ್ಯ ಕೆಟ್ಟು 1848ರಲ್ಲಿ ಅವರು ಬ್ರಿಟನ್ನಿಗೆ ವಾಪಸ್ ಹೋದರು. ನಾವಾಗಿದ್ರೆ ಸಿಕ್ ಲೀವ್ ಅಂತ ಮಲಗಿಬಿಡ್ತಿದ್ವಿ. ಅವರ ಜೀವನದ ದೊಡ್ಡ ತಿರುವು ಬಂದದ್ದು ಆ ರಜೆಯಲ್ಲೇ.

1850ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಅನ್ನೋ ವಿಜ್ಞಾನಿಗಳ ಸಂಘ ಎಡಿನ್‌ಬರೋದಲ್ಲಿ ಸಭೆ ಸೇರಿತು. ಉಷ್ಣವಲಯದ ಕಾಡುಗಳ ನಾಶದಿಂದ ಆರ್ಥಿಕವಾಗಿ ಮತ್ತು ಭೌತಿಕವಾಗಿ ಏನೇನು ಪರಿಣಾಮ ಆಗಬಹುದು ಅಂತ ವರದಿ ಕೊಡಲು ಅಲ್ಲಿ ಒಂದು ಸಮಿತಿ ಮಾಡಿದರು. ಸಮಿತಿಯಲ್ಲಿ ನಾಲ್ಕು ಜನ: ಕ್ಲೆಗ್‌ಹಾರ್ನ್, ಫೋರ್ಬ್ಸ್ ರಾಯಲ್, ಬೇರ್ಡ್ ಸ್ಮಿತ್, ರಿಚರ್ಡ್ ಸ್ಟ್ರೇಚಿ. ಮೊದಲಿನ ಇಬ್ಬರು ಡಾಕ್ಟರುಗಳು, ಸಸ್ಯಶಾಸ್ತ್ರ ಬಲ್ಲವರು. ಉಳಿದ ಇಬ್ಬರು ಯಾರು ಗೊತ್ತಾ? ಇಂಜಿನಿಯರುಗಳು! ಬಂಗಾಳ ಇಂಜಿನಿಯರ್ಸ್ ದಳದವರು, ಕಾಲುವೆ ಕೆಲಸ ಮಾಡಿದವರು. ಪರಿಸರ ಅಂದ್ರೆ ನಮ್ಮ ಬ್ರಾಂಚಿನ ವಿಷಯ ಅಲ್ಲ ಅನ್ನೋರು ಈ ಸಾಲನ್ನು ಇನ್ನೊಂದು ಸಲ ಓದಬೇಕು. ಸೆಕೆಂಡ್ ಇಯರ್‌ನಲ್ಲಿ ಎನ್‌ವಿರಾನ್‌ಮೆಂಟಲ್ ಸ್ಟಡೀಸ್ ಪೇಪರನ್ನು ಪಾಸಾದ್ರೆ ಸಾಕು ಅಂತ ಬರೆಯುವ ನಮಗೂ ಇದು ಬೇಕಾದ ಮಾತೇ.

1851ರಲ್ಲಿ ಇಪ್ಸ್‌ವಿಚ್ ಸಭೆಯಲ್ಲಿ ವರದಿ ಬಂತು. ಅದರ ವಿಷಯವನ್ನು ನಮ್ಮ ಕ್ಲಾಸಿನ ಭಾಷೆಯಲ್ಲಿ ಹೀಗೆ ಹೇಳಬಹುದು. ಬೋಳು ಗುಡ್ಡದ ಮೇಲೆ ಬಿದ್ದ ಮಳೆ ನೇರವಾಗಿ ಹರಿದು ಹೋಗುತ್ತೆ, ಮಣ್ಣನ್ನೂ ಕಿತ್ತುಕೊಂಡು ಹೋಗುತ್ತೆ. ಅದೇ ಮಳೆ ಎಲೆಯ ಮೇಲೆ ಬಿದ್ದು, ತರಗೆಲೆಯ ಮೇಲೆ ಇಳಿದು, ಬೇರಿನ ಸಂದಿಯಲ್ಲಿ ಇಂಗಿದರೆ, ಬೇಸಿಗೆಯವರೆಗೂ ಹಳ್ಳದಲ್ಲಿ ಜಿನುಗುತ್ತಾ ಇರುತ್ತೆ. ನಾವು ಹೈಡ್ರಾಲಜಿಯಲ್ಲಿ ರನ್‌ಆಫ್ ಮತ್ತು ಇನ್‌ಫಿಲ್ಟ್ರೇಷನ್ ಅಂತ ಸೂತ್ರ ಬರೆದು ಲೆಕ್ಕ ಮಾಡುವುದು ಇದನ್ನೇ. ಕಾಡಿಗೂ ಊರಿನ ಹೊಳೆಗೂ, ಕೆರೆಗೂ, ಹವಾಮಾನಕ್ಕೂ, ಸರ್ಕಾರದ ಕಂದಾಯಕ್ಕೂ ಸಂಬಂಧ ಇದೆ ಅಂತ ಅವರು ಒಂದು ಕಡೆ ಸೇರಿಸಿ ಹೇಳಿದರು. ಅಧಿಕಾರದಲ್ಲಿ ಇರುವವರಿಗೆ ಅರ್ಥವಾಗುವ ಭಾಷೆ ಯಾವುದು ಅಂತ ಅವರಿಗೆ ಗೊತ್ತಿತ್ತು. ಮರ ಚಂದ ಅಂತ ಹೇಳಿದ್ರೆ ಯಾವ ಸರ್ಕಾರವೂ ಫೈಲ್ ತೆರೆಯಲ್ಲ. ನೀರು ಹೋಗುತ್ತೆ, ಬೆಳೆ ಹೋಗುತ್ತೆ, ದುಡ್ಡು ಹೋಗುತ್ತೆ ಅಂದ್ರೆ ತೆರೆಯುತ್ತೆ.

ಆ ಕಾಲದಲ್ಲಿ ಕ್ಲೆಗ್‌ಹಾರ್ನ್ ಒಬ್ಬರೇ ಇದನ್ನು ಹೇಳಿದ್ದಲ್ಲ. ಮದ್ರಾಸಿನ ಇನ್ನೊಬ್ಬ ಡಾಕ್ಟರ್ ಎಡ್ವರ್ಡ್ ಬಾಲ್ಫೋರ್ ಮರ ಮತ್ತು ಮಳೆಯ ಸಂಬಂಧದ ಬಗ್ಗೆ ಬರೆದಿದ್ದರು. ಬೊಂಬಾಯಿ ಪ್ರಾಂತ್ಯದಲ್ಲಿ ಅಲೆಕ್ಸಾಂಡರ್ ಗಿಬ್ಸನ್ ಆಗಲೇ ಕಾಡಿನ ಕನ್ಸರ್ವೇಟರ್ ಆಗಿದ್ದರು, ಅವರೂ ಡಾಕ್ಟರೇ. ರೋಗಿಯ ನಾಡಿ ಹಿಡಿದವರೇ ಊರಿನ ನಾಡಿಯನ್ನೂ ಹಿಡಿದರು ಅನ್ನಿಸುತ್ತೆ. ಆದರೆ ಆ ವರದಿಯಲ್ಲಿ ಒಂದು ದೋಷ ಇತ್ತು. ಕಾಡು ಹಾಳಾಗೋಕೆ ಕಾರಣ ಯಾರು ಅಂತ ಹೇಳುವಾಗ ಬೆರಳು ಹೆಚ್ಚಾಗಿ ತಿರುಗಿದ್ದು ಸ್ಥಳೀಯ ಜನರ ಕಡೆಗೇ.

ಇಲ್ಲದ ಇಲಾಖೆಯನ್ನು ಕಟ್ಟಿದ್ದು

ಕ್ಲೆಗ್‌ಹಾರ್ನ್ ಮದ್ರಾಸಿಗೆ ವಾಪಸ್ ಬಂದು ಮೆಡಿಕಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಮತ್ತು ಔಷಧ ದ್ರವ್ಯಗಳ ಪ್ರೊಫೆಸರ್ ಆದರು. ಅಲ್ಲಿನ ತೋಟಗಾರಿಕೆ ಸಂಘದ ಕೆಲಸವನ್ನೂ ಹೆಗಲಿಗೆ ಹಾಕಿಕೊಂಡರು. ಗೋವಿಂದು ಅನ್ನೋ ಒಳ್ಳೆಯ ಚಿತ್ರಗಾರ ಅವರಿಗಾಗಿ ಗಿಡಗಳ ಚಿತ್ರ ಬರೆದ. ಇವನ ಹೆಸರಾದರೂ ಉಳಿದಿದೆ ಅಂತ ನಮಗೆ ಸಮಾಧಾನ. ಬೆಂಗಳೂರಿನ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನ ಆದದ್ದರ ಹಿಂದೆಯೂ ಕ್ಲೆಗ್‌ಹಾರ್ನ್ ಸಲಹೆ ಇತ್ತು. ಫ್ಲವರ್ ಶೋಗೆ ಹೋಗಿ ಸೆಲ್ಫಿ ತೆಗೆಯುವಾಗ ನೆನಪಿಟ್ಟುಕೊಳ್ಳಿ.

ಅದೇ 1856ರಲ್ಲಿ ಎರಡು ಘಟನೆ ನಡೆದವು. ಜುಲೈ 1ರಂದು ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಮದ್ರಾಸಿನ ರಾಯಪುರಂನಿಂದ ವಾಲಾಜಾ ರೋಡಿಗೆ ಓಡಿತು. ವರ್ಷದ ಕೊನೆಗೆ ಕ್ಲೆಗ್‌ಹಾರ್ನ್ ಮದ್ರಾಸ್ ಪ್ರಾಂತ್ಯದ ಮೊದಲ ಕನ್ಸರ್ವೇಟರ್ ಆಫ್ ಫಾರೆಸ್ಟ್ಸ್ ಆದರು. ಈ ಎರಡಕ್ಕೂ ಸಂಬಂಧ ಇದೆ. ಸುಮ್ಮನೆ ಒಂದು ಲೆಕ್ಕ ಹಾಕಿ: ಗಜಕ್ಕೊಂದು ಮರದ ಸ್ಲೀಪರ್ ಅಂತ ಹಿಡಿದರೂ ಒಂದು ಮೈಲಿಗೆ 1,760 ಸ್ಲೀಪರ್. ಅದು ಮಳೆ ಬಿಸಿಲು ಗೆದ್ದಲಿಗೆ ಸಿಕ್ಕಿ ಕೆಲವೇ ವರ್ಷಕ್ಕೆ ಹಾಳಾಗುತ್ತೆ, ಮತ್ತೆ ಹೊಸದು ಬೇಕು. ಮೇಲಿಂದ ಇಂಜಿನ್ನಿಗೆ ಸೌದೆ. ಅಂದ್ರೆ ರೈಲು ಕಾಡಿನ ಮೇಲೆ ಓಡುತ್ತಿತ್ತು ಅಂದ್ರೂ ತಪ್ಪಲ್ಲ.

ಇಲಾಖೆ ಅಂತ ಹೆಸರು ಕೊಟ್ಟರು, ಆದರೆ ಇಲಾಖೆಯೇ ಇರಲಿಲ್ಲ. ಬೆರಳೆಣಿಕೆಯ ಸಹಾಯಕರು. ಅವರಲ್ಲಿ ರಿಚರ್ಡ್ ಬೆಡ್ಡೋಮ್ ಅಂತ ಒಬ್ಬರು ಮುಂದೆ ದೊಡ್ಡ ಸಸ್ಯವಿಜ್ಞಾನಿಯಾದರು. ಕಾಡು ಎಲ್ಲಿಂದ ಎಲ್ಲಿವರೆಗೆ ಇದೆ, ಯಾವ ಮರ ಎಷ್ಟಿದೆ ಅಂತ ಸರಿಯಾದ ದಾಖಲೆ ಇರಲಿಲ್ಲ. ಕ್ಲೆಗ್‌ಹಾರ್ನ್ ವರ್ಷ ವರ್ಷ ಪ್ರವಾಸ ಮಾಡಿದರು: ಕೆನರಾ, ಮಲಬಾರ್, ನೀಲಗಿರಿ, ಆನೆಮಲೆ. ಬರೆದರು, ಪಟ್ಟಿ ಮಾಡಿದರು. ಅನುಮತಿ ಇಲ್ಲದೆ ಮರ ಕಡಿಯಬಾರದು ಅನ್ನೋ ನಿಯಮ, ನಾಟಾ ಡಿಪೋ, ಹೊಸ ನೆಡುತೋಪು ಇವೆಲ್ಲ ಒಂದೊಂದಾಗಿ ಬಂದವು. ಆ ವರದಿಗಳನ್ನೆಲ್ಲ ಸೇರಿಸಿ 1861ರಲ್ಲಿ ದಕ್ಷಿಣ ಭಾರತದ ಕಾಡುಗಳು ಮತ್ತು ತೋಟಗಳ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ತಂದರು. ಶಿವಮೊಗ್ಗದಲ್ಲಿ ಹಿಡಿದ ದಿನಕ್ಕೊಂದು ಗಿಡದ ಚಟ ಹದಿನೈದು ವರ್ಷದಲ್ಲಿ ಒಂದು ಇಲಾಖೆ, ಒಂದು ಪುಸ್ತಕ ಆಗಿತ್ತು.

ಇಲ್ಲಿವರೆಗೆ ಓದಿದಾಗ ನಮಗೆ ಹೆಮ್ಮೆ. ನಮ್ಮ ಊರಿನ ಪಕ್ಕದಲ್ಲೇ ಇದ್ದು ಹೋದವರು ಅಂತ ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ವಿ ಕೂಡ.

ಅಜ್ಜ ಕೇಳಿದ ಪ್ರಶ್ನೆ

ನಮ್ಮಲ್ಲೊಬ್ಬಳ ಅಜ್ಜ ಶರಾವತಿ ಮುಳುಗಡೆಯಿಂದ ಎದ್ದು ಬಂದವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಅವರ ಮನೆ, ಗದ್ದೆ ಎರಡೂ ನೀರಿನ ಕೆಳಗೆ ಹೋದವು. ಬೇರೆ ಕಡೆ ಜಾಗ ತೋರಿಸಿದರು. ಅಲ್ಲಿ ಗುಡಿಸಲು ಹಾಕಿ, ನೆಲ ಹದ ಮಾಡಿ, ಮಕ್ಕಳನ್ನು ಬೆಳೆಸಿದರು. ಇಷ್ಟು ವರ್ಷ ಆದರೂ ಆ ನೆಲ ಕಾಗದದಲ್ಲಿ ಕಾಡಾಗಿಯೇ ಇದೆ, ಹಕ್ಕುಪತ್ರ ಇಲ್ಲ. ನಾಡಿಗೆಲ್ಲ ಕರೆಂಟು ಕೊಡೋಕೆ ಮನೆ ಬಿಟ್ಟವರು ಒತ್ತುವರಿದಾರರಾಗಿ ಉಳಿದ ಕಥೆ ಶಿವಮೊಗ್ಗ ಜಿಲ್ಲೆಯಲ್ಲಿ ಒಂದು ಮನೆಯದ್ದಲ್ಲ.

ಅವಳು ಕ್ಲೆಗ್‌ಹಾರ್ನ್ ಕಥೆಯನ್ನು ಅಜ್ಜನಿಗೆ ಓದಿ ಹೇಳಿದಳು. ಅಜ್ಜ ಪೂರ್ತಿ ಕೇಳಿಸಿಕೊಂಡು, ಆ ಡಾಕ್ಟರು ಕುಮರಿ ಮಾಡುವವರನ್ನು ಎದುರಿಗೆ ಕೂರಿಸಿಕೊಂಡು ಯಾವತ್ತಾದರೂ ಕೇಳಿದ್ದರಾ ಅಂತ ಕೇಳಿದರಂತೆ. ಮಾರನೇ ದಿನ ಬಸ್ಸಲ್ಲಿ ಅವಳು ಇದನ್ನು ಹೇಳಿದಾಗ ನಮ್ಮ ಹತ್ತಿರ ಉತ್ತರ ಇರಲಿಲ್ಲ. ವಾಪಸ್ ಹೋಗಿ ಆ ಭಾಗವನ್ನು ಮತ್ತೆ ಓದಿದ್ವಿ.

ಆದದ್ದು ಇಷ್ಟು. ಕ್ಲೆಗ್‌ಹಾರ್ನ್ ಕುಮರಿಯನ್ನು ಮೊದಲಿಂದಲೂ ವಿರೋಧಿಸಿದರು. ಒಳ್ಳೆಯ ಮರ ಬೂದಿಯಾಗುತ್ತೆ, ಗುಡ್ಡದ ಮಣ್ಣು ಹೋಗುತ್ತೆ, ಸರ್ಕಾರಕ್ಕೆ ಅದರಿಂದ ಏನೂ ಲಾಭ ಇಲ್ಲ ಅನ್ನೋದು ಅವರ ವಾದ. 1860ರಲ್ಲಿ ಮದ್ರಾಸ್ ಸರ್ಕಾರ, ಅನುಮತಿ ಇಲ್ಲದೆ ಸರ್ಕಾರಿ ಕಾಡಲ್ಲಿ ಕುಮರಿ ಮಾಡೋದನ್ನು ನಿಷೇಧಿಸಿತು. ಕರಾವಳಿಯ ಕೆನರಾ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಘಟ್ಟದ ಕುಡುಬಿಯರು, ಕುಣಬಿಗಳು, ಮಲೆಕುಡಿಯರಂಥ ಜನರಿಗೆ ಇದು ಬರೀ ನಿಯಮ ಅಲ್ಲ, ಮುಂದಿನ ವರ್ಷದ ಅನ್ನ.

ಆದರೆ ರೈಲು ನಿಲ್ಲಲಿಲ್ಲ. ರೈಲು ಕಂಟ್ರಾಕ್ಟರುಗಳ ದುಂದಿನ ಬಗ್ಗೆ, ಸೌದೆ ಖಾಲಿಯಾಗುತ್ತಿರೋದರ ಬಗ್ಗೆ ಕ್ಲೆಗ್‌ಹಾರ್ನ್ ಎಚ್ಚರಿಕೆ ಕೊಟ್ಟಿದ್ದರು. ಅದನ್ನು ಹೇಳದಿದ್ದರೆ ಅವರಿಗೆ ಅನ್ಯಾಯ ಮಾಡಿದ ಹಾಗಾಗುತ್ತೆ. ಆದರೂ ಫಲಿತಾಂಶ ನೋಡಿ. ಕಾಡು ತಿನ್ನುವವರು ಇಬ್ಬರಿದ್ದರು. ಒಬ್ಬ ಹಸಿವಿಗೆ ಒಂದು ತುಂಡು ಕಡಿದು, ಅದು ಬೆಳೆಯಲಿ ಅಂತ ಬಿಟ್ಟು ಹೋಗುವವನು. ಇನ್ನೊಂದು ಮೈಲಿಗಟ್ಟಲೆ ಸ್ಲೀಪರ್ ಬೇಡುವ ರೈಲು ಕಂಪನಿ. ನಿಷೇಧ ಬಂದದ್ದು ಮೊದಲನೆಯವನಿಗೆ. ಎರಡನೆಯದಕ್ಕೆ ಮರ ತಪ್ಪದೆ ಸಿಗುವ ಹಾಗೆ ನೋಡಿಕೊಳ್ಳೋಕೆ ಇಲಾಖೆ ಇತ್ತು.

ನಮ್ಮ ಮಲೆನಾಡಿನ ಇನ್ನೊಂದು ಉದಾಹರಣೆ ಪಕ್ಕಕ್ಕಿಟ್ಟು ನೋಡಿದ್ವಿ. ಸಾಗರ, ತೀರ್ಥಹಳ್ಳಿ, ಸಿರ್ಸಿ ಕಡೆ ಅಡಿಕೆ ತೋಟದವರಿಗೆ ಸೊಪ್ಪಿನಬೆಟ್ಟ ಅಂತ ಇದೆ. ತೋಟಕ್ಕೆ ಸೊಪ್ಪು, ದರಗು ತರೋಕೆ ಕಾಡಿನ ಒಂದು ಭಾಗವನ್ನು ಬಳಸುವ ಸವಲತ್ತು. ಕಾಲ ಎಷ್ಟೇ ಬದಲಾದರೂ ಆ ಸವಲತ್ತು ಉಳಿದುಕೊಂಡಿತು. ಕುಮರಿಯವರದ್ದು ಉಳಿಯಲಿಲ್ಲ. ಯಾಕೆ? ತೋಟದವರು ಕಂದಾಯ ಕಟ್ಟುತ್ತಿದ್ದರು, ಅರ್ಜಿ ಬರೆಯಬಲ್ಲವರಾಗಿದ್ದರು, ಕಾಗದದಲ್ಲಿ ಅವರ ಹೆಸರು ಇತ್ತು. ಕುಮರಿಯವರು ಪ್ರತಿ ವರ್ಷ ಜಾಗ ಬದಲಿಸುವವರು. ಫೈಲಿನಲ್ಲಿ ಅವರು ಕಾಣಿಸೋದೇ ತೊಂದರೆ ಕೊಡುವವರಾಗಿ. ನಮ್ಮ ಗೆಳತಿಯ ಮನೆಯಲ್ಲಿ ಅಡಿಕೆಯೂ ಇಲ್ಲ, ಕುಮರಿಯೂ ಇಲ್ಲ. ಆದರೆ ಕಾಗದ ಇಲ್ಲದವರ ಪಾಡು ಏನು ಅಂತ ಅವಳಿಗೆ ನಾವು ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಿಮಾಲಯದಿಂದ ಸ್ಟ್ರಾವಿತಿಗೆ

ಕ್ಲೆಗ್‌ಹಾರ್ನ್ ಕಥೆ ಅಲ್ಲಿಗೆ ಮುಗಿಯಲ್ಲ. 1861ರಲ್ಲಿ ಅವರು ಮೇಬಲ್ ಕೋವನ್ ಅವರನ್ನು ಮದುವೆಯಾದರು. ಹುಡುಗಿಯ ಮನೆಯವರು ಸ್ಕಾಟ್‌ಲೆಂಡಿನಲ್ಲಿ ಕಾಗದದ ಗಿರಣಿ ನಡೆಸುತ್ತಿದ್ದವರು. ಭದ್ರಾವತಿಯ ಎಂಪಿಎಂ ನೋಡಿ ಬೆಳೆದ ನಮಗೆ ಇದನ್ನು ಓದಿ ನಗು ಬಂತು. ಆಮೇಲೆ ಸರ್ಕಾರ ಅವರನ್ನು ಪಂಜಾಬಿಗೆ ಕಳಿಸಿತು. ಪಶ್ಚಿಮ ಹಿಮಾಲಯದ ದೇವದಾರು ಕಾಡುಗಳನ್ನು ಕಣಿವೆ ಕಣಿವೆ ಅಲೆದು ನೋಡಿ ವರದಿ ಬರೆದರು. ಅದು 1864ರಲ್ಲಿ ಅಚ್ಚಾದದ್ದು ರೂರ್ಕಿಯ ಥಾಮಸನ್ ಸಿವಿಲ್ ಇಂಜಿನಿಯರಿಂಗ್ ಕಾಲೇಜಿನ ಪ್ರೆಸ್ಸಿನಲ್ಲಿ. ಈಗಿನ ಐಐಟಿ ರೂರ್ಕಿ. ಒಂದು ಇಂಜಿನಿಯರಿಂಗ್ ಕಾಲೇಜಿನ ಅಚ್ಚುಕೂಟದಿಂದ ಕಾಡಿನ ವರದಿ ಹೊರಬಂದಿತ್ತು!

1864ರಲ್ಲಿ ಇಡೀ ಭಾರತಕ್ಕೆ ಒಬ್ಬ ಇನ್‌ಸ್ಪೆಕ್ಟರ್ ಜನರಲ್ ಆಫ್ ಫಾರೆಸ್ಟ್ಸ್ ಅಂತ ಹುದ್ದೆ ಬಂತು. ಅದು ಬರ್ಮಾದಲ್ಲಿ ಕೆಲಸ ಮಾಡಿದ್ದ ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ಅವರಿಗೆ ಹೋಯಿತು. ಕ್ಲೆಗ್‌ಹಾರ್ನ್ ಅವರ ಜೊತೆಗೇ ಕೆಲಸ ಮಾಡಿದರು, ಬ್ರಾಂಡಿಸ್ ರಜೆಯಲ್ಲಿದ್ದಾಗ ಸ್ವಲ್ಪ ಕಾಲ ಆ ಹುದ್ದೆಯನ್ನೂ ನೋಡಿಕೊಂಡರು. ಮೈಸೂರಿನಲ್ಲೂ ಅರಣ್ಯ ಇಲಾಖೆ ಶುರುವಾದದ್ದು ಆ ವರ್ಷವೇ. 1865ರಲ್ಲಿ ಭಾರತದ ಮೊದಲ ಅರಣ್ಯ ಕಾನೂನು, 1878ರಲ್ಲಿ ಇನ್ನೂ ಬಿಗಿಯಾದ ಕಾನೂನು ಬಂದವು. ಅಲ್ಲಿಂದ ಮುಂದೆ ಜನರ ಹಕ್ಕು ಅನ್ನೋದು ಸರ್ಕಾರ ಕೊಟ್ಟರೆ ಸಿಗುವ ಸವಲತ್ತಾಯಿತು.

ನಿವೃತ್ತಿಯಾದ ಮೇಲೆ ಕ್ಲೆಗ್‌ಹಾರ್ನ್ ಸ್ಟ್ರಾವಿತಿಗೆ ಹೋಗಿ ಅಜ್ಜನ ಜಮೀನು ನೋಡಿಕೊಂಡರು. ಸುಮ್ಮನೆ ಕೂರಲಿಲ್ಲ. ಭಾರತದ ಅರಣ್ಯ ಇಲಾಖೆಗೆ ಹೊಸ ಹುಡುಗರನ್ನು ಆರಿಸುವ ಕೆಲಸದಲ್ಲಿ ಸಹಾಯ ಮಾಡಿದರು. ಸ್ಕಾಟ್‌ಲೆಂಡಿನಲ್ಲಿ ಅರಣ್ಯಶಾಸ್ತ್ರವನ್ನು ಕಾಲೇಜಿನ ವಿಷಯವಾಗಿ ಕಲಿಸಬೇಕು ಅಂತ ಓಡಾಡಿದರು. 1895ರ ಮೇ 16ರಂದು ಅಲ್ಲೇ ತೀರಿಕೊಂಡರು. ಅವರ ನೆನಪಿಗೆ ಕಣಗಿಲೆಯ ಕುಟುಂಬದ ಒಂದು ಸಸ್ಯಕುಲಕ್ಕೆ ಕ್ಲೆಗ್‌ಹಾರ್ನಿಯಾ ಅಂತ ಹೆಸರಿದೆ.

ನಾವು ಕಲಿತದ್ದು

ಕ್ಲೆಗ್‌ಹಾರ್ನ್ ಒಳ್ಳೆಯವರಾ ಕೆಟ್ಟವರಾ ಅಂತ ನಮ್ಮ ನಾಲ್ಕು ಜನರಲ್ಲಿ ಜಗಳ ಆಯಿತು. ಒಬ್ಬ, ಅವರು ಇಲ್ಲದಿದ್ದರೆ ಇವತ್ತು ಘಟ್ಟದಲ್ಲಿ ಕಾಡೇ ಇರುತ್ತಿರಲಿಲ್ಲ ಅಂದ. ಇನ್ನೊಬ್ಬಳು, ಅವರು ಕಾಡು ಉಳಿಸಿದ್ದು ಕಂಪನಿಗೆ, ಕಾಡಿನವರಿಗಲ್ಲ ಅಂದಳು. ಇಬ್ಬರ ಮಾತಲ್ಲೂ ಸತ್ಯ ಇದೆ ಅಂತ ಕೊನೆಗೆ ಒಪ್ಪಿಕೊಂಡ್ವಿ. ಇ2006ರಲ್ಲಿ ನಮ್ಮ ಸಂಸತ್ತು ಅರಣ್ಯ ಹಕ್ಕು ಕಾಯ್ದೆ ತಂದಾಗ, ಕಾಡಿನ ಜನರಿಗೆ ಚಾರಿತ್ರಿಕ ಅನ್ಯಾಯ ಆಗಿದೆ ಅಂತ ಅದರ ಪೀಠಿಕೆಯಲ್ಲೇ ಒಪ್ಪಿಕೊಂಡಿತು. 1860ರ ನಿಷೇಧದಿಂದ ಆ ಒಂದು ವಾಕ್ಯಕ್ಕೆ 146 ವರ್ಷ ಹಿಡಿಯಿತು. ಒಂದು ವರದಿಯಲ್ಲಿ ಯಾರನ್ನೋ ಕೇಳದೆ ಬಿಟ್ಟರೆ ಅದನ್ನು ಸರಿ ಮಾಡೋಕೆ ಎಷ್ಟು ಕಾಲ ಬೇಕು ನೋಡಿ.

ಮುಂದೆ ನಮ್ಮಲ್ಲಿ ಕೆಲವರು ಈ ಕ್ಷೇತ್ರಕ್ಕೇ ಹೋಗ್ತೀವಿ. ಸೋಲಾರ್ ಪಾರ್ಕಿಗೆ ಜಾಗ ಆರಿಸ್ತೀವಿ, ನದಿ ತಿರುಗಿಸುವ ಯೋಜನೆಯ ಪರಿಣಾಮ ವರದಿ ಬರೀತೀವಿ, ಕಾರ್ಬನ್ ಲೆಕ್ಕ ಹಾಕ್ತೀವಿ. ಲೆಕ್ಕ ಸರಿ ಇರಬೇಕು, ಅದಕ್ಕೆ ಕ್ಲೆಗ್‌ಹಾರ್ನ್ ಒಳ್ಳೆಯ ಗುರು. ಅವರು ಹುದ್ದೆ ಬರಲಿ ಅಂತ ಕಾಯಲಿಲ್ಲ. ಇದ್ದ ಊರಲ್ಲಿ, ಇದ್ದ ಕೆಲಸದ ನಡುವೆ, ದಿನಕ್ಕೆ ಕಾಲು ಗಂಟೆ ನೋಡಿದರು, ನೋಡಿದ್ದನ್ನು ಬರೆದರು, ಬರೆದದ್ದನ್ನು ಸರಿಯಾದ ಜಾಗಕ್ಕೆ ಮುಟ್ಟಿಸಿದರು. ಅಷ್ಟು ಅವರಿಂದ ಕಲಿಯೋಣ. ಆ ಗಿಡದ ಪಕ್ಕದಲ್ಲಿ ನಿಂತ ಮನುಷ್ಯನನ್ನೂ ಕೇಳಬೇಕು ಅನ್ನೋದನ್ನು ಅಜ್ಜನಿಂದ ಕಲಿಯೋಣ.

ನಾವೂ ಒಂದು ನೋಟ್‌ಬುಕ್ ಶುರು ಮಾಡಿದ್ದೀವಿ. ಹೊಳೆಹೊನ್ನೂರಿನ ಹೊಳೆ ದಂಡೆಯಲ್ಲಿ ದಿನಕ್ಕೊಂದು ಗಿಡ, ಕಾಲು ಗಂಟೆ. ಪುಟದಲ್ಲಿ ಎರಡು ಕಾಲಂ: ಒಂದರಲ್ಲಿ ಗಿಡದ ಹೆಸರು, ಇನ್ನೊಂದರಲ್ಲಿ ಅದನ್ನು ಯಾರು ಯಾವುದಕ್ಕೆ ಬಳಸ್ತಾರೆ ಅಂತ. ಎರಡನೇ ಕಾಲಂ ತುಂಬಿಸಬೇಕಾದ್ರೆ ದನ ಕಾಯುವವರನ್ನೋ, ಮೀನು ಹಿಡಿಯುವವರನ್ನೋ, ಬಟ್ಟೆ ಒಗೆಯುವವರನ್ನೋ ಮಾತಾಡಿಸಲೇಬೇಕು. ನಿಜ ಹೇಳ್ತೀವಿ, ಇಂಟರ್ನಲ್ಸ್ ಬಂದಾಗ ಹನ್ನೊಂದು ದಿನ ಪುಟ ಖಾಲಿ ಇದೆ. ಹೊಂಗೆ, ಲಕ್ಕಿ, ನೀರಂಜಿ, ಹುಣಸೆ ಆಗಿವೆ. ಎರಡನೇ ಕಾಲಂನಲ್ಲಿ ಹೇಳಿದವರ ಹೆಸರನ್ನೂ, ಅವರು ಒಪ್ಪಿದರೆ, ಬರೀತಾ ಇದ್ದೀವಿ. ಶಿವಮೊಗ್ಗದ ಆ ಚಿತ್ರಗಾರನ ಹೆಸರಿನ ಹಾಗೆ ಇವರ ಹೆಸರೂ ಕಳೆದುಹೋಗೋದು ಬೇಡ.

ಬೆಳಿಗ್ಗೆ ಬಸ್ಸಿಗೆ ಇನ್ನೂ ಸೀಟು ಇದೆ. ಹೊಳೆಹೊನ್ನೂರು, ಭದ್ರಾವತಿ ಕಡೆಯ ಗೆಳೆಯರು ಯಾರಾದರೂ ಸೇರೋದಾದ್ರೆ ಬನ್ನಿ. ನಿಮ್ಮ ಊರಿನದ್ದೂ ಒಂದು ಪುಟ ಆಗಲಿ.